ಅಂಟಾಗದ ಹಿಟ್ಟು

ನಮ್ಮ ಮನೆಯಲ್ಲಿ ಬೆಳ್ಳಗೆ ಏನು ಕಂಡರೂ ಅದು ಹಿಟ್ಟು. ಕಿಟಕಿಯ ಸರಳಿನ ಮೇಲೆ ಹಿಟ್ಟು, ರೇಡಿಯೋದ ಗುಂಡಿಯ ಸಂದಿನಲ್ಲಿ ಹಿಟ್ಟು, ಹುಬ್ಬಿನಲ್ಲಿ ಹಿಟ್ಟು. ಕೆಳಗೆ ಬೇಕರಿ, ಮೇಲೆ ಮನೆ. ಎಷ್ಟು ಗುಡಿಸಿದರೂ ನಡುವಿನ ಮೆಟ್ಟಿಲುಗಳ ಮೇಲೆ ಒಂದು ಬಿಳಿ ಪೊರೆ ಇದ್ದೇ ಇರುತ್ತದೆ. ಅಪ್ಪನ ಮೊಣಕೈಗಳ ಮೇಲಂತೂ ವರ್ಷದ ಎಲ್ಲ ದಿನವೂ ಹಿಟ್ಟು. ಸ್ನಾನ ಮಾಡಿ ಬಂದ ಮೇಲೂ ಇರುತ್ತಿತ್ತು. ಅಮ್ಮ ಟವೆಲಿನ ತುದಿಯಿಂದ ತಿಕ್ಕಿ, "ಹಿಟ್ಟಿನ ಮೂಟೆ ನೀವು, ತೊಳೆದಷ್ಟೂ ಉದುರ್ತೀರಿ" ಎಂದು ಬೈಯುತ್ತಿದ್ದಳು. ಅಪ್ಪ ನಗುತ್ತಿದ್ದ. ನಾನೂ ಅಕ್ಕನೂ ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ನಮ್ಮೆಲ್ಲರ ತಲೆಗೂ ಒಂದೊಂದು ಮೊಟಕಬೇಕು ಅನ್ನಿಸುತ್ತದೆ.

ಅಪ್ಪನ ಬೆರಳುಗಳು ಐವತ್ತೈದಕ್ಕೆಲ್ಲ ಒಳಕ್ಕೆ ಮಡಚಿಕೊಳ್ಳತೊಡಗಿದವು. ತಣ್ಣಗಿನ ಕಣಕ ಕೈ ತಿನ್ನುತ್ತದೆ ಎಂದು ನಮ್ಮ ಕಸುಬಿನವರು ಹೇಳುತ್ತಾರೆ. ಅಪ್ಪನೂ ಅದನ್ನೇ ಹೇಳಿದ, ನಾವೂ ಅದನ್ನೇ ನಂಬಿದೆವು. ಕೊನೆಯ ವರ್ಷಗಳಲ್ಲಿ ಅವನಿಗೆ ಲೋಟ ಹಿಡಿಯಲಾಗುತ್ತಿರಲಿಲ್ಲ. ಎರಡು ಮಣಿಕಟ್ಟುಗಳ ನಡುವೆ ಲೋಟ ಇಟ್ಟುಕೊಂಡು ಕುಡಿಯುತ್ತಿದ್ದ. ಹಾಗೇ ಹೋದ.

ಅಮ್ಮನೂ ಹೋದ ಮೇಲೆ ಬೇಕರಿ ನಮ್ಮಿಬ್ಬರ ಪಾಲಿಗೆ ಬಂತು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹತ್ತೊಂಬತ್ತು ವರ್ಷದ ಹಿಂದೆ, ಅಪ್ಪ ಇನ್ನೂ ಗಟ್ಟಿಯಾಗಿದ್ದಾಗ, ಗಂಡನನ್ನು ಕಳೆದುಕೊಂಡು ಈ ಮನೆಗೆ ಮರಳಿದಳು. "ಅಂಗಡಿ ನೋಡ್ಕೋತೀನಿ, ಆದ್ರೆ ಹಿಟ್ಟು ಮಾತ್ರ ಮುಟ್ಟಲ್ಲ" ಎಂದು ಮೊದಲ ದಿನವೇ ಷರತ್ತು ಹಾಕಿ ಗಲ್ಲಾದ ಹಿಂದೆ ಕೂತವಳು ಇವತ್ತಿನವರೆಗೆ ಆ ಷರತ್ತು ಮುರಿದಿಲ್ಲ. ಗಿರಾಕಿಗಳನ್ನು ಮಾತಿನಲ್ಲಿ ಕಟ್ಟಿಹಾಕುವುದರಲ್ಲಿ ಅವಳದು ಎತ್ತಿದ ಕೈ. ನಾನು ಮದುವೆಯ ಗೋಜಿಗೇ ಹೋಗದೆ ಒಳಗಿನ ಕೇಕ್ ಮೇಜಿಗೆ ಅಂಟಿಕೊಂಡವಳು. ಇನ್ನು ಒಲೆಯ ಮುಂದೆ ಅಪ್ಪನ ಕಾಲದಿಂದ ನಿಂತಿರುವವನು ಒಲೆಯಣ್ಣ. ಅರವತ್ತು ದಾಟಿದವನು, ಬ್ರೆಡ್ಡಿನ ಜೊತೆ ಮಾತಾಡುತ್ತಾನೆ, ಮನುಷ್ಯರ ಜೊತೆ ಕಡಿಮೆ.

ನನ್ನ ಕೆಲಸ ಅಲಂಕಾರ. ತುದಿಗೆ ಲೋಹದ ಮೂತಿ ಸಿಕ್ಕಿಸಿದ ಬಟ್ಟೆಯ ಚೀಲಕ್ಕೆ ಕ್ರೀಮು ತುಂಬಿ, ಬಲಗೈಯಲ್ಲಿ ಹಿಂಡುತ್ತ, ಎಡಗೈಯಲ್ಲಿ ದಾರಿ ತೋರಿಸುತ್ತ, ಕೇಕಿನ ಮೇಲೆ ಹೂವು, ಬಳ್ಳಿ, ಅಕ್ಷರ ಬರೆಯುವುದು. ಹೂವು ಯಾರು ಬೇಕಾದರೂ ಕಲಿಯಬಹುದು. ಅಕ್ಷರ ಹಾಗಲ್ಲ. ನಮ್ಮ ಅಕ್ಷರಗಳಿಗೆ ಮೈಯೆಲ್ಲ ಸುತ್ತು. ಒತ್ತಕ್ಷರ ಬಂದರಂತೂ ಕೈ ಒಂದೇ ಉಸಿರಿನಲ್ಲಿ ಕೆಳಗಿಳಿದು, ತಿರುಗಿ, ನಿಲ್ಲಬೇಕು. ನಡುವೆ ಬೆರಳು ಅಳುಕಿದರೆ ಮುಗಿಯಿತು, ಕ್ರೀಮಿನ ಮೇಲೆ ರಬ್ಬರು ಉಜ್ಜಲಾಗುವುದಿಲ್ಲ. ಊರಿನಲ್ಲಿ ಇನ್ನೂ ನಾಲ್ಕು ಬೇಕರಿಗಳಿವೆ. ಆದರೆ ಕೇಕಿನ ಮೇಲೆ ಉದ್ದದ ಮಾತು ಬರೆಸಬೇಕೆಂದರೆ ಜನ ನಮ್ಮಲ್ಲಿಗೇ ಬರುತ್ತಾರೆ. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ.

ನಲವತ್ತೈದು ತುಂಬಿದ ವರ್ಷ ನನ್ನ ಬಲಗೈಯ ತೋರುಬೆರಳು ಊದಿತು. ಗಂಟು ಮಾತ್ರ ಅಲ್ಲ, ಬುಡದಿಂದ ತುದಿಯವರೆಗೆ ಇಡೀ ಬೆರಳು, ಒಲೆಯಲ್ಲಿ ಉಬ್ಬಿದ ಬನ್ನಿನ ಹಾಗೆ. ಬೆಳಗ್ಗೆ ಎದ್ದರೆ ಕೈ ತೆರೆಯುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ, ಬೈದು, ರಮಿಸಿ, ಎರಡು ಗಂಟೆಯ ಮೇಲೆ ಚೀಲ ಹಿಡಿಯುವಷ್ಟು ಸಡಿಲವಾಗುತ್ತಿತ್ತು. ಉಗುರುಗಳ ಮೇಲೆ ಚಿಕ್ಕ ಚಿಕ್ಕ ಗುಳಿಗಳು ಎದ್ದವು. ಬಿಸ್ಕತ್ತು ಬೇಯುವ ಮುಂಚೆ ಮುಳ್ಳುಚಮಚದಿಂದ ಚುಚ್ಚುತ್ತೇವಲ್ಲ, ಥೇಟ್ ಹಾಗೆ. ಮೊಣಕೈ ಕೆಂಪಾಗಿ ಮೇಲೆ ಬಿಳಿ ಪದರ ಬಂತು. ಅದನ್ನು ನಾನು ಏನೆಂದುಕೊಂಡೆ ಎಂದು ಬೇರೆ ಹೇಳಬೇಕೇ? ಹಿಟ್ಟು ಎಂದುಕೊಂಡು ಒರೆಸುತ್ತಲೇ ಇದ್ದೆ.

ಒಂದು ದಿನ ಕೇಕು ಒಯ್ಯಲು ಬಂದ ಹೆಂಗಸೊಬ್ಬಳು ಗಾಜಿನ ಆಚೆಯಿಂದ ನನ್ನ ಮೊಣಕೈ ನೋಡಿ ಅಕ್ಕನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಆರ್ಡರು ವಾಪಸು ತೆಗೆದುಕೊಂಡು ಹೋದಳು. ಮಾರನೇ ದಿನ ನನ್ನ ಮೇಜಿನ ಮೇಲೆ ಕೈಗವಸಿನ ಡಬ್ಬಿ, ಉದ್ದ ತೋಳಿನ ಎರಡು ಅಂಗಿ ಇದ್ದವು. ಅದರ ಮರುವಾರ ಅವೆರಡರ ಪಕ್ಕದಲ್ಲಿ ಬಣ್ಣದ ಒಂದು ಹಾಳೆ. ಅದರಲ್ಲಿ ಒಂದು ಯಂತ್ರದ ಚಿತ್ರ. ಕೇಕನ್ನು ಒಳಗಿಟ್ಟು ಗುಂಡಿ ಒತ್ತಿದರೆ ಬೇಕಾದ ಚಿತ್ರ, ಬೇಕಾದ ಅಕ್ಷರ ತಾನೇ ಮುದ್ರಿಸುತ್ತದಂತೆ.

"ಇದೇನು?" ಎಂದೆ.

"ಸುಮ್ನೆ ನೋಡು ಅಂತ ಇಟ್ಟೆ."

"ನಾನು ಸತ್ತೆನಾ?"

"ಸಾಯೋ ಮಾತು ಯಾಕೆ? ನಿನ್ನ ಕೈಗೆ ಸ್ವಲ್ಪ ಬಿಡುವು ಸಿಗುತ್ತೆ ಅಂತ." ಅಕ್ಕ ನನ್ನ ಮುಖ ನೋಡದೆ ಹೇಳಿ, ತನ್ನ ಹೊಸ ಚಪ್ಪಲಿಯನ್ನು ಬೈದುಕೊಳ್ಳುತ್ತ ಹೊರಟಳು. ಆ ವರ್ಷದಲ್ಲಿ ಅದು ಅವಳ ಮೂರನೇ ಜೋಡಿ. ಎಲ್ಲವೂ ಹಿಮ್ಮಡಿ ಕಚ್ಚುತ್ತವೆ ಎಂದು ದೂರುತ್ತಿದ್ದಳು.

ನನಗೆ ಮೈ ಉರಿದುಹೋಯಿತು. ಆ ಉರಿಯಲ್ಲೇ ಆಸ್ಪತ್ರೆಗೆ ಹೋದೆ. ಕಾಯಿಲೆಯ ಭಯಕ್ಕಲ್ಲ, ಆ ಯಂತ್ರದ ಮೇಲಿನ ಹಟಕ್ಕೆ.

ಡಾಕ್ಟರು ನಿಧಾನದ ಹೆಂಗಸು. ಬೆರಳು ಒತ್ತಿದರು, ಉಗುರು ನೋಡಿದರು, ತೋಳು ಮೇಲಕ್ಕೆ ಸರಿಸಿ ಮೊಣಕೈ ನೋಡಿದರು. "ಇದು ಎಷ್ಟು ದಿನದಿಂದ?"

"ಅದು ಹಿಟ್ಟು. ನಾನು ಬೇಕರಿಯವಳು."

ಅವರು ಹತ್ತಿಯನ್ನು ನೀರಿನಲ್ಲಿ ಅದ್ದಿ ಆ ಬಿಳಿಯ ಮೇಲೆ ಒತ್ತಿ ಹಿಡಿದರು. ಹತ್ತಿ ತೆಗೆದು ನನಗೇ ತೋರಿಸಿದರು. ನಲವತ್ತು ವರ್ಷದಿಂದ ಹಿಟ್ಟಿನಲ್ಲಿ ಬೆಳೆದವಳು ನಾನು. ನೀರು ಸೋಕಿದರೆ ಹಿಟ್ಟು ಅಂಟಾಗುತ್ತದೆ, ಬೆರಳಿಗೆ ಮೆತ್ತುತ್ತದೆ. ಇದು ಮೆತ್ತಲಿಲ್ಲ. ಒದ್ದೆಯಾಗಿ ಅರೆಪಾರದರ್ಶಕವಾಗಿ, ಮೀನಿನ ಹುರುಪೆಯ ಹಾಗೆ ಅಲ್ಲೇ ಕೂತಿತ್ತು. ಆ ಕ್ಷಣದಲ್ಲಿ ನನಗೆ ಸ್ನಾನ ಮಾಡಿ ಬಂದ ಅಪ್ಪನ ಮೊಣಕೈ ಕಣ್ಣ ಮುಂದೆ ಬಂತು. ಅಮ್ಮನ ಟವೆಲು, ನಮ್ಮ ನಗು, ಮಣಿಕಟ್ಟುಗಳ ನಡುವಿನ ಲೋಟ, ಎಲ್ಲ ಒಟ್ಟಿಗೆ ಬಂದವು. ಡಾಕ್ಟರ ಎದುರು ಅತ್ತುಬಿಟ್ಟೆ. ಅವರು ನನಗೆ ನೋವಾಯಿತೇನೋ ಎಂದುಕೊಂಡು ಕ್ಷಮೆ ಕೇಳಿದರು.

ರಕ್ತ, ಎಕ್ಸ್‌ರೇ ಎಲ್ಲ ಆದ ಮೇಲೆ ಹೆಸರು ಹೇಳಿದರು. ಸೋರಿಯಾಟಿಕ್ ಆರ್ಥ್ರೈಟಿಸ್. ಮೈ ಕಾಯಬೇಕಾದ ಪಡೆಯೇ ದಾರಿ ತಪ್ಪಿ ಚರ್ಮದ ಮೇಲೆ, ಕೀಲಿನ ಮೇಲೆ ಕೈಮಾಡುವ ಕಾಯಿಲೆ. ಯಾರಿಂದಲೂ ಅಂಟುವುದಲ್ಲ, ಯಾರಿಗೂ ಅಂಟುವುದಲ್ಲ. ಮನೆತನದಲ್ಲಿ ಹರಿಯಬಹುದು. ತೋರುಬೆರಳಿನ ಮೇಲಿನ ಗೆಣ್ಣು ಆಗಲೇ ಸ್ವಲ್ಪ ಸವೆದಿತ್ತು. "ಹೋಗಿರೋದನ್ನ ತಂದುಕೊಡೋಕೆ ನನ್ನಿಂದ ಆಗಲ್ಲ. ಉಳಿದಿರೋದನ್ನ ಉಳಿಸೋಣ" ಎಂದರು. ಆ ನೇರ ಮಾತು ನನಗೆ ಹಿಡಿಸಿತು.

ಮೊದಲ ಆರು ತಿಂಗಳು ವಾರಕ್ಕೊಮ್ಮೆ ಮಾತ್ರೆ. ಚರ್ಮ ಸ್ವಲ್ಪ ತಿಳಿಯಾಯಿತು, ಬೆರಳು ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಆಮೇಲೆ ಡಾಕ್ಟರು ಸೂಜಿಯ ಮಾತೆತ್ತಿದರು. ಪೆನ್ನಿನಂಥ ಒಂದು ಸಾಧನ, ಎರಡು ವಾರಕ್ಕೊಮ್ಮೆ ತೊಡೆಗೆ ಒತ್ತಿಕೊಳ್ಳಬೇಕು, ಮನೆಯಲ್ಲೇ, ನನ್ನ ಕೈಯಾರೆ. ತಪ್ಪಿಸದೆ ತೆಗೆದುಕೊಂಡರೆ ಮೂರು ತಿಂಗಳಲ್ಲಿ ಗೊತ್ತಾಗುತ್ತದೆ ಎಂದರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. "ಮೂರು ತಿಂಗಳು ಕೊಡು. ಅಷ್ಟರಲ್ಲಿ ನಾನು ಮೊದಲಿನ ಹಾಗೆ ಬರೀದಿದ್ರೆ ನಿನ್ನ ಯಂತ್ರ ತರಿಸು. ನಾನೇ ಅದಕ್ಕೆ ಜಾಗ ಮಾಡಿಕೊಡ್ತೀನಿ."

"ಸೂಜಿ ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ ಅಂತಾರಲ್ಲೇ?"

"ಊಟಾನೂ ಶುರು ಮಾಡಿದ ಮೇಲೆ ಬಿಟ್ಟಿಲ್ಲವಲ್ಲ."

ಅಕ್ಕ ನಗಲಿಲ್ಲ. "ಮೂರು ತಿಂಗಳು" ಎಂದಳು. ಮಾತು ಮಾತೇ.

ಇಷ್ಟೆಲ್ಲ ಜೋರು ಮಾಡಿದವಳು ಆಮೇಲೆ ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ಮೊದಲನೆಯದನ್ನು ಆಸ್ಪತ್ರೆಯಲ್ಲಿ ನರ್ಸು ಹಾಕಿಸಿದಳು. ಇರುವೆ ಕಚ್ಚಿದಷ್ಟೂ ಇರಲಿಲ್ಲ. ಉಳಿದ ಪೆನ್ನುಗಳನ್ನು ಐಸಿನ ಚೀಲದಲ್ಲಿಟ್ಟು ಕಳಿಸಿದಳು. ಫ್ರಿಜ್ಜಿನಲ್ಲಿಡಬೇಕು, ಫ್ರೀಜರಿನಲ್ಲಿ ಅಲ್ಲ ಎಂದಳು. ಇನ್ನೂ ಏನೇನೋ ಹೇಳಿದಳು. ನಾನು ಮೊದಲ ಮಾತು ಕೇಳಿದ್ದೇ ಮಿಕ್ಕಿದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಫ್ರಿಜ್ಜಿನ ವಿಷಯದಲ್ಲಿ ನನಗೇ ಪಾಠವೇ? ಬೇಕರಿಯ ಫ್ರಿಜ್ಜಿನಲ್ಲಿ ಥರ್ಮಾಮೀಟರು ತೂಗುಹಾಕಿ, ದಿನಕ್ಕೆ ಮೂರು ಸಲ ನೋಡುವವಳು ನಾನು. ಕ್ರೀಮು ಹೊರಗಿದ್ದರೆ ಕೆಡುತ್ತದೆ, ಹೊರಗೆ ತೆಗೆದ ಕೂಡಲೇ ಬಳಸಬೇಕು, ಇದು ನನ್ನ ರಕ್ತದಲ್ಲೇ ಇರುವ ನಿಯಮ.

ಹಾಗಾಗಿ ಎರಡನೆಯದನ್ನು ಮನೆಯಲ್ಲಿ ಹಾಕಿಕೊಳ್ಳುವ ದಿನ ನಿಯಮ ಪಾಲಿಸಿದೆ. ಫ್ರಿಜ್ಜಿನ ಬಾಗಿಲು ತೆಗೆದೆ, ಪೆನ್ನು ಎತ್ತಿದೆ, ಓಡಿ ಬಂದು ಸ್ಟೂಲಿನ ಮೇಲೆ ಕೂತು ಹತ್ತೆಣಿಸುವಷ್ಟರಲ್ಲಿ ತೊಡೆಗೆ ಒತ್ತಿದೆ. ಅಮ್ಮಮ್ಮಾ! ಕಾದ ತಟ್ಟೆಯ ಅಂಚನ್ನು ತೊಡೆಯೊಳಗೆ ತೂರಿಸಿದ ಹಾಗಾಯಿತು. ತಡೆಯಲಾರದೆ ಪೆನ್ನನ್ನು ಅರ್ಧಕ್ಕೇ ಕಿತ್ತೆ. ಉಳಿದ ಮದ್ದು ನೆಲದ ಮೇಲೆ ಚೆಲ್ಲಿತು. ಅದನ್ನು ಬಟ್ಟೆಯಿಂದ ಒರೆಸುತ್ತ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು.

ಮೂರನೆಯ ಸಲ ಪೆನ್ನು ಕೈಗೆತ್ತಿಕೊಂಡು ನೋಡಿದೆ, ಮತ್ತೆ ಒಳಗಿಟ್ಟೆ. ನಾಳೆ ಎಂದುಕೊಂಡೆ. ನಾಳೆಯೂ ನಾಳೆ ಎಂದುಕೊಂಡೆ. ನಾಲ್ಕನೆಯ ಸಲಕ್ಕೆ ಕೈಗೂ ಎತ್ತಿಕೊಳ್ಳಲಿಲ್ಲ. ಪೆನ್ನಿನ ಡಬ್ಬಿಯನ್ನು ಬೆಣ್ಣೆಯ ದೊಡ್ಡ ಡಬ್ಬಗಳ ಹಿಂದೆ, ಕಣ್ಣಿಗೆ ಬೀಳದ ಹಾಗೆ ತಳ್ಳಿದೆ. ಅಕ್ಕ ಕೇಳಿದರೆ "ಆಯ್ತು" ಎನ್ನುತ್ತಿದ್ದೆ. ಸುಳ್ಳು ಹೇಳುವಾಗ ನಾನು ಪಾತ್ರೆ ತೊಳೆಯುತ್ತೇನೆ. ಆ ಒಂದೂವರೆ ತಿಂಗಳು ನಮ್ಮ ಬೇಕರಿಯ ಪಾತ್ರೆಗಳು ಹಿಂದೆಂದೂ ಕಾಣದಷ್ಟು ಫಳಫಳ ಹೊಳೆದವು.

ಬೆರಳು ಮಾತ್ರ ಸುಳ್ಳು ಹೇಳಲಿಲ್ಲ. ಪಕ್ಕದ ಬೆರಳನ್ನೂ ಕರೆದುಕೊಂಡು ಊದಿತು. ಒಂದು ಶನಿವಾರ, ಅಂಗಡಿ ತುಂಬ ಜನ. ಒಂದು ಮಗುವಿನ ಹುಟ್ಟುಹಬ್ಬದ ಕೇಕಿನ ಮೇಲೆ ಬರೆಯುತ್ತಿದ್ದೆ. ಮೂರನೇ ಅಕ್ಷರಕ್ಕೆ ಬೆರಳು ಕೈಕೊಟ್ಟಿತು. ಚೀಲ ಜಾರಿ ಕೇಕಿನ ನಡುವೆ ಬಿತ್ತು. ನೀಲಿ ಕ್ರೀಮು ದೊಪ್ಪನೆ ಗುಡ್ಡೆಯಾಯಿತು. ಗಾಜಿನ ಆಚೆ ಆ ಮಗು ನೋಡುತ್ತ ನಿಂತಿತ್ತು. ಅದು ಅಳಲಿಲ್ಲ. "ಪರವಾಗಿಲ್ಲ ಆಂಟಿ, ಬೆಟ್ಟ ಅಂದ್ಕೋತೀನಿ" ಎಂದಿತು. ಅದು ಅತ್ತಿದ್ದರೇ ಚೆನ್ನಾಗಿತ್ತು.

ಅದೇ ಹೊತ್ತಿಗೆ ಬೆಣ್ಣೆ ತರಲು ಹೋಗಿದ್ದ ಒಲೆಯಣ್ಣ ಡಬ್ಬಿ ಹಿಡಿದುಕೊಂಡು ಬಂದ. ಬ್ರೆಡ್ಡಿನ ಜೊತೆ ಮಾತ್ರ ಮಾತಾಡುವವನಿಗೆ ಅವತ್ತೇ ಬಾಯಿ ಬರಬೇಕೇ! "ಅಮ್ಮೋರೇ, ಇದು ಬೆಣ್ಣೆ ಹಿಂದೆ ಇತ್ತು. ಉಳಿದ ಮೂರು ಪೆನ್ನೂ ಹಾಗೇ ಇವೆ."

ಅಕ್ಕ ಡಬ್ಬಿ ನೋಡಿದಳು, ನನ್ನ ನೋಡಿದಳು, ಹೊಳೆಯುವ ಪಾತ್ರೆಗಳನ್ನು ನೋಡಿದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಲೆಕ್ಕ ಸರಿಹೋಗುತ್ತಿತ್ತು. ಅವಳು ಬೈಯಲಿಲ್ಲ. ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕುಸಿದು ಕೂತಳು. "ನಿನ್ನ ನಂಬಿದ್ದೆ ಕಣೇ" ಎಂದಳು. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ನನ್ನ ಕೈಗಾಗಿ ಇಷ್ಟೊಂದು ಹೆದರಿಕೆಯೇ ಎಂದು ನನಗೆ ಆಶ್ಚರ್ಯವಾಯಿತು. ಸಂಜೆ ಅವಳು ಯಂತ್ರದವರಿಗೆ ಫೋನು ಮಾಡಿದಳು.

ಸೋಮವಾರ ಬೆಳಗ್ಗೆ ಬಾಗಿಲು ತೆರೆಯುವ ಮುಂಚೆಯೇ ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ. ಅದೇ ನರ್ಸು ಬಂದಳು. ಕುಳ್ಳಗಿನ, ದಪ್ಪ ಕನ್ನಡಕದ ಹುಡುಗಿ. ಎದುರು ನಿಂತು ಎಲ್ಲ ಒಪ್ಪಿಕೊಂಡೆ. ಎರಡನೆಯದು ಅರ್ಧ ಚೆಲ್ಲಿದ್ದು, ಆಮೇಲಿನವು ಬೆಣ್ಣೆಯ ಹಿಂದೆ ಹೋದದ್ದು. ಡಾಕ್ಟರು ಬೈಯಲಿ, ಯಾರು ಬೇಕಾದರೂ ಬೈಯಲಿ, ಇವತ್ತು ಸೂಜಿ ಹಾಕಿಸಿಕೊಳ್ಳದೆ ಹೋಗುವುದಿಲ್ಲ ಎಂದೆ.

ಅವಳು ಬೈಯಲಿಲ್ಲ. "ಹೇಗೆ ಹಾಕ್ಕೊಂಡ್ರಿ? ಫ್ರಿಜ್ ಬಾಗಿಲು ತೆಗೆದಲ್ಲಿಂದ ಹೇಳಿ" ಎಂದಳು.

ಹೇಳಿದೆ. ಅವಳು ಕನ್ನಡಕ ಸರಿಮಾಡಿಕೊಂಡಳು. "ತೆಗೆದ ಕೂಡಲೇನಾ? ಅರ್ಧ ಗಂಟೆ ಹೊರಗಿಡಿ ಅಂತ ಹೇಳಿದ್ನಲ್ಲ."

"ಅರ್ಧ ಗಂಟೇನಾ? ಫ್ರಿಜ್ಜಿನ ಸಾಮಾನನ್ನ ಅರ್ಧ ಗಂಟೆ ಹೊರಗಿಟ್ಟರೆ ನಮ್ಮಲ್ಲಿ ಚೆಲ್ತೀವಿ!"

"ನಿಮ್ಮಲ್ಲಿ ಎಲ್ಲಾನೂ ತಣ್ಣಗಿರುವಾಗ್ಲೇ ಬಳಸ್ತೀರಾ?"

"ಎಲ್ಲಾನೂ ಅಲ್ಲ. ಕ್ರೀಮು ಮಾತ್ರ. ಬೆಣ್ಣೇನ..." ಎಂದವಳು ಅಲ್ಲಿಗೇ ನಿಂತೆ.

ಬೆಣ್ಣೆ. ತಣ್ಣಗಿನ ಬೆಣ್ಣೆಯನ್ನು ಸಕ್ಕರೆಗೆ ಹಾಕಿ ಯಾರಾದರೂ ಕಲಸಲು ಹೊರಟರೆ ನಾನು ಅವರ ಜನ್ಮ ಜಾಲಾಡಿಸುತ್ತೇನೆ. ಬೆಣ್ಣೆ ಹೊರಗಿರಬೇಕು, ಬೆರಳು ಒತ್ತಿದರೆ ಗುರುತು ಮೂಡುವಷ್ಟು ಮೆತ್ತಗಾಗಬೇಕು, ಆಮೇಲೆ ಕೈ ಹಚ್ಚಬೇಕು. ಆತುರ ಮಾಡಿದರೆ ಬೆಣ್ಣೆ ಮುರಿಯುತ್ತದೆ, ಕೇಕು ಕಲ್ಲಾಗುತ್ತದೆ. ಇಪ್ಪತ್ತಾರು ವರ್ಷದಿಂದ ಇದನ್ನು ಸಾರಿ ಹೇಳಿದವಳು ನಾನು. ಮದ್ದನ್ನು ಮಾತ್ರ ಕ್ರೀಮಿನ ಜಾತಿಗೆ ಸೇರಿಸಿಬಿಟ್ಟಿದ್ದೆ. ಇಂಥ ತಪ್ಪು ಬೇಕರಿಯವರಲ್ಲದೆ ಬೇರೆ ಯಾರೂ ಮಾಡುವುದಿಲ್ಲ.

"ಇದು ಬೆಣ್ಣೆ!" ಎಂದು ಆಸ್ಪತ್ರೆಯ ಆ ಮೌನದಲ್ಲಿ ಕೂಗಿಬಿಟ್ಟೆ.

"ಹಾಗೇ ಅನ್ಕೊಳ್ಳಿ. ಆದ್ರೆ ಬಿಸಿನೀರಲ್ಲಿಟ್ಟು ಕರಗಿಸೋಕೆ ಹೋಗ್ಬೇಡಿ, ಬಿಸಿಲಿಗೂ ಇಡ್ಬೇಡಿ" ಎಂದಳು ನರ್ಸು.

"ಕರಗಿಸಿದ ಬೆಣ್ಣೆ ಕಲಸೋಕೆ ಬರಲ್ಲಮ್ಮ. ನಂಗೆ ಗೊತ್ತು."

ಡಾಕ್ಟರನ್ನು ಕೇಳಿಕೊಂಡು ಬಂದು ಅವತ್ತೇ ಹಾಕಿಸಿದಳು. ಅರ್ಧ ಗಂಟೆ ಪೆನ್ನನ್ನು ಎದುರಿಗಿಟ್ಟುಕೊಂಡು ಇಬ್ಬರೂ ಕಾದೆವು. ಚರ್ಮ ಹಿಡಿಯುವುದು, ಒತ್ತುವುದು, ಟಕ್ ಎಂದ ಮೇಲೂ ಹದಿನೈದು ಎಣಿಸಿಯೇ ತೆಗೆಯುವುದು, ಒಂದು ಸಲ ಎಡ ತೊಡೆ, ಇನ್ನೊಂದು ಸಲ ಬಲ ತೊಡೆ. ಜ್ವರ ಬಂದರೆ ಹಾಕಿಕೊಳ್ಳುವ ಮುಂಚೆ ಫೋನು ಮಾಡುವುದು. ಈ ಸಲ ಎಲ್ಲವನ್ನೂ ಕೇಳಿಸಿಕೊಂಡೆ. ನೋವಾಯಿತೇ ಎಂದರೆ ಆಯಿತು, ಚಿವುಟಿದಷ್ಟು.

ಮನೆಗೆ ಬಂದರೆ ಯಂತ್ರದವರು ಹಾಜರು. ಟೈ ಕಟ್ಟಿದ ಒಬ್ಬ ಮನುಷ್ಯ ಅಕ್ಕನಿಗೆ ಮಾದರಿ ತೋರಿಸುತ್ತಿದ್ದ. ನಾನು ಅವರಿಬ್ಬರ ನಡುವೆ ಹೋಗಿ ನಿಂತೆ. "ಅಕ್ಕಾ, ಹಿಂದಿನ ಒಂದೂವರೆ ತಿಂಗಳು ನಾನು ಹಾಳು ಮಾಡಿದ್ದು. ಅದು ನನ್ನ ತಪ್ಪು, ನಿನ್ನದಲ್ಲ. ಇವತ್ತಿಂದ ಮತ್ತೆ ಮೂರು ತಿಂಗಳು ಕೊಡು. ಈ ಸಲ ಸೂಜಿ ನಿನ್ನ ಕಣ್ಣೆದುರೇ ಹಾಕ್ಕೋತೀನಿ."

ಅಕ್ಕ ಟೈ ಮನುಷ್ಯನಿಗೆ ಒಂದು ಬನ್ನು ಕೊಟ್ಟು ಕಳಿಸಿದಳು.

ಅಂದಿನಿಂದ ಎರಡು ವಾರಕ್ಕೊಂದು ಸೋಮವಾರ, ಬೆಳಗಿನ ಆರು ಗಂಟೆಗೆ, ಫ್ರಿಜ್ಜಿನಿಂದ ಬೆಣ್ಣೆಯ ಡಬ್ಬವನ್ನೂ ಪೆನ್ನನ್ನೂ ಒಟ್ಟಿಗೆ ಹೊರಗೆ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಡುವುದು ನಿಯಮವಾಯಿತು. ಆ ಅರ್ಧ ಗಂಟೆಯಲ್ಲಿ ನಾನು ತಟ್ಟೆಗಳಿಗೆ ಕಾಗದ ಹಾಸುತ್ತೇನೆ. ಬೆಣ್ಣೆ ಒತ್ತಿ ನೋಡುತ್ತೇನೆ. ಬೆಣ್ಣೆ ಹದವಾಗುತ್ತ ಬಂದರೆ ನನ್ನ ಸರದಿ. ಒಲೆಯಣ್ಣ ಒಲೆಯ ಕಡೆ ತಿರುಗಿ ನಿಲ್ಲುತ್ತಾನೆ. ಅಕ್ಕ ಎದುರಿಗೆ ಸ್ಟೂಲು ಹಾಕಿಕೊಂಡು, ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ಕೂರುತ್ತಾಳೆ. ಪ್ರಶ್ನೆಗಳೂ ಹಾಗೇ ಬರುತ್ತಿದ್ದವು.

"ಎಷ್ಟು ಉದ್ದ ಇರುತ್ತೆ ಒಳಗಿನ ಸೂಜಿ?"

"ನಿನ್ನ ನಾಲಿಗೆಗಿಂತ ಚಿಕ್ಕದು."

"ಆಮೇಲೆ ತಲೆ ಸುತ್ತುತ್ತಾ? ಹೊಟ್ಟೆ ತೊಳೆಸುತ್ತಾ?"

"ಇಲ್ಲ. ನೀನು ಕೇಳ್ತಾ ಇದ್ರೆ ತಲೆ ಸುತ್ತುತ್ತೆ."

ಆಗ ನನಗೆ ಕಿರಿಕಿರಿಯಾಗುತ್ತಿತ್ತು. ಇವಳಿಗೇಕೆ ಇಷ್ಟು ವಿವರ ಎಂದುಕೊಳ್ಳುತ್ತಿದ್ದೆ.

ಒಂದೇ ಸಲಕ್ಕೆ ಏನೂ ಆಗಲಿಲ್ಲ. ನಾಲ್ಕನೇ ವಾರ ಬೆಳಗಿನ ಬಿಗಿತ ಎರಡು ಗಂಟೆಯಿಂದ ಒಂದು ಗಂಟೆಗೆ ಇಳಿಯಿತು. ಆರನೇ ವಾರ ಅಂಗಿಯ ಗುಂಡಿ ನಾನೇ ಹಾಕಿಕೊಂಡೆ. ಏಳನೇ ವಾರ ಜ್ವರ ಬಂತು. ಫೋನು ಮಾಡಿದೆ, ಜ್ವರ ಇಳಿಯುವವರೆಗೆ ನಿಲ್ಲಿಸಿ ಎಂದರು. ನಾಲ್ಕು ದಿನ ತಡವಾಗಿ ಹಾಕಿಕೊಂಡೆ. ಹಿಂದೆ ತಪ್ಪಿಸಿದಾಗ ಪಾತ್ರೆ ತೊಳೆದಿದ್ದೆ, ಈ ಸಲ ಹಾಯಾಗಿ ಹೊದ್ದು ಮಲಗಿದೆ. ಹತ್ತನೇ ವಾರ ಮೊಣಕೈ ತೊಳೆದಾಗ ಟವೆಲಿನ ಮೇಲೆ ಏನೂ ಉದುರಲಿಲ್ಲ. ಬರೀ ಕಂದು ಚರ್ಮ, ನನ್ನದೇ. ಕನ್ನಡಿಯ ಮುಂದೆ ನಿಂತು ಅಪ್ಪನನ್ನು ನೆನೆದೆ. ಅವನಿಗೆ ಯಾರೂ ಈ ಹೆಸರು ಹೇಳಲಿಲ್ಲವಲ್ಲ.

ತೋರುಬೆರಳಿನ ಮೇಲಿನ ಗೆಣ್ಣು ಮಾತ್ರ ಬಾಗಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು. ಆ ಬೆರಳನ್ನು ನಂಬಿದರೆ ಆಗುವುದಿಲ್ಲ ಎಂದು ಅದನ್ನು ನೆಟ್ಟಗೆ ಚಾಚಿ, ಚೀಲವನ್ನು ನಡುಬೆರಳು ಮತ್ತು ಅಂಗೈಯಿಂದ ಹಿಂಡುವುದನ್ನು ಕಲಿತೆ. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ತಟ್ಟೆಯ ಬೆನ್ನಿನ ಮೇಲೆ ಬರೆಯುವುದು, ಕೆರೆದು ಮತ್ತೆ ಚೀಲಕ್ಕೆ ತುಂಬುವುದು, ಮತ್ತೆ ಬರೆಯುವುದು. ಮೊದಮೊದಲು ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ಒರಗುತ್ತಿದ್ದವು. ಬೈದು ಬೈದು ನೆಟ್ಟಗೆ ನಿಲ್ಲಿಸಿದೆ.

ಗಡುವಿನ ದಿನ ಬಸ್ ಡಿಪೋದಿಂದ ಆರ್ಡರು ಬಂತು. ಒಬ್ಬ ಡ್ರೈವರು ನಿವೃತ್ತನಾಗುತ್ತಿದ್ದ. ದೊಡ್ಡ ಚಾಕೊಲೇಟ್ ಕೇಕಿನ ಮೇಲೆ ಬರೆಯಬೇಕಾದ ಮಾತನ್ನು ಅವನ ಜೊತೆಗಾರರು ಚೀಟಿಯಲ್ಲಿ ಕೊಟ್ಟಿದ್ದರು: "ಮೂವತ್ತೆರಡು ವರ್ಷ ಸುತ್ತಿದ್ದು ಸಾಕು, ಇನ್ನು ಕಿಟಕಿ ಪಕ್ಕ ಕೂತ್ಕೊಳ್ಳಿ." ಓದಿ ನಗು ಬಂತು, ಆಮೇಲೆ ಮತ್ತೊಮ್ಮೆ ಓದಿದೆ. ತಲೆಯಿಂದ ಕಾಲಿನವರೆಗೆ ಒತ್ತಕ್ಷರ.

ಅಕ್ಕ ಬಂದು ಮೇಜಿನ ಪಕ್ಕ ನಿಂತಳು. ಒಲೆಯಣ್ಣನೂ ಒಲೆ ಬಿಟ್ಟು ಬಂದ. ಚೀಲ ಎತ್ತಿದೆ. ತೋರುಬೆರಳು ಕೋಲಿನ ಹಾಗೆ ಚಾಚಿಕೊಂಡಿತ್ತು. ಮಿಕ್ಕ ಬೆರಳುಗಳು ಕೆಲಸ ಮಾಡಿದವು. 'ವತ್ತೆ' ಇಳಿಯಿತು, 'ರ್ಷ' ಬಾಲ ಸುತ್ತಿ ನಿಂತಿತು, 'ಸುತ್ತಿದ್ದು' ಎಂಬಲ್ಲಿ ಎರಡು ಒತ್ತುಗಳು ಒಂದರ ಪಕ್ಕ ಒಂದು ತಪ್ಪದೆ ಕೂತವು. 'ಕೂತ್ಕೊಳ್ಳಿ' ಮುಗಿಯುವವರೆಗೆ ನಾನು ಉಸಿರಾಡಿದೆನೋ ಇಲ್ಲವೋ ತಿಳಿಯದು. ಮೊದಲಿನ ನನ್ನ ಅಕ್ಷರ ಅಲ್ಲ ಅದು. ಸ್ವಲ್ಪ ಅಗಲ, ಸ್ವಲ್ಪ ನಿಧಾನ. ಆದರೆ ನನ್ನದೇ. ಚೀಲ ಕೆಳಗಿಟ್ಟು ಕೇಕನ್ನು ಡಬ್ಬಿಗಿಳಿಸಿ ಮುಚ್ಚಳ ಹಾಕಿದೆ.

"ನಮ್ಮಪ್ಪನಾಣೆ, ಮುದ್ದಾಗಿದೆ" ಎಂದ ಒಲೆಯಣ್ಣ. ಅವನ ಇಡೀ ವರ್ಷದ ಮಾತು ಅಲ್ಲಿಗೆ ಮುಗಿಯಿತು. ಗಲ್ಲಾದ ಮೇಲಿದ್ದ ಯಂತ್ರದ ಹಾಳೆ ತೆಗೆದು ಒಲೆಗೆ ಹಾಕಲು ಹೊರಟ.

ಅಕ್ಕ ಮುಚ್ಚಳದ ಪಾರದರ್ಶಕ ಕಿಟಕಿಯಿಂದ ಮತ್ತೊಮ್ಮೆ ಓದಲು ಬಗ್ಗಿದಳು. ಬಗ್ಗಿದಾಗ ಅವಳ ಕಿವಿಯ ಹಿಂದಿನ ಕೂದಲಿನ ಅಂಚಿನಿಂದ ಏನೋ ಬೆಳ್ಳಗೆ ಮೇಜಿನ ಕರಿಕಲ್ಲಿನ ಮೇಲೆ ಉದುರಿತು. ಅವಳು ಥಟ್ಟನೆ ಅಂಗೈಯಿಂದ ಮುಚ್ಚಿದಳು.

"ಹಿಟ್ಟು" ಎಂದಳು.

"ನೀನು ಹಿಟ್ಟು ಮುಟ್ಟಿ ಹತ್ತೊಂಬತ್ತು ವರ್ಷ ಆಯ್ತು."

"ಈ ಮನೇಲಿ ಎಲ್ಲಿಲ್ಲ ಹಿಟ್ಟು?"

ನಾನು ಅವಳ ಕೈ ಸರಿಸಿದೆ. ಬೆರಳನ್ನು ನೀರಿನ ಬಟ್ಟಲಲ್ಲಿ ಅದ್ದಿ ಆ ಬಿಳಿಯ ಮೇಲೆ ಒತ್ತಿದೆ. ನಮ್ಮಿಬ್ಬರ ಕಣ್ಣೂ ಅಲ್ಲೇ ಇತ್ತು. ಅದು ಅಂಟಾಗಲಿಲ್ಲ.

ನನಗೆ ಎಲ್ಲ ಒಂದೊಂದಾಗಿ ತಿಳಿಯತೊಡಗಿತು. ಹಿಮ್ಮಡಿ ಕಚ್ಚುವ ಚಪ್ಪಲಿಗಳು; ಈ ಕಾಯಿಲೆ ಹಿಮ್ಮಡಿಯನ್ನೂ ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೋದಲ್ಲೆಲ್ಲ ಎಳೆದುಕೊಂಡು ಹೋಗುವ ಸ್ಟೂಲು. ಸೂಜಿಯ ಉದ್ದದ ಪ್ರಶ್ನೆಗಳು.

"ಯಾವಾಗಿಂದ?" ಎಂದೆ.

"ನಿನಗಿಂತ ಮೊದಲೇ" ಎಂದಳು ಅಕ್ಕ. ಅವಳ ಧ್ವನಿ ಸಣ್ಣಗಿತ್ತು. "ನಿನ್ನ ಕೈ ನೋಡಿದ ದಿನ ಅಪ್ಪನ ಕೈ ನೆನಪಾಯ್ತು. ನಂದೂ ಹಾಗೇ ಆಗುತ್ತೆ ಅಂತ ಗೊತ್ತಾಯ್ತು. ನೀನೂ ಹೋಗಿ, ನಾನೂ ಹೋದ್ರೆ ಅಂಗಡಿ ಯಾರು ನಡೆಸ್ತಾರೆ? ಅದಕ್ಕೇ ಯಂತ್ರ ಬೇಕಿತ್ತು. ಆಮೇಲೆ ನೀನು ಸೂಜಿ ಅಂದೆ. ನಿನಗೆ ಗುಣ ಆದ್ರೆ ಹೇಳೋಣ ಅಂತಿದ್ದೆ. ಡಬ್ಬಿ ಬೆಣ್ಣೆ ಹಿಂದೆ ಸಿಕ್ಕ ದಿನ ನನ್ನ ಜೀವಾನೇ ಹೋಗಿತ್ತು."

ನನಗೆ ರೇಗಿಹೋಯಿತು. "ಅಂದ್ರೆ ನನ್ನ ಮೇಲೆ ಮದ್ದಿನ ರುಚಿ ನೋಡ್ತಿದ್ದೆಯಾ? ನಿನ್ನ ಹಿಮ್ಮಡಿ ಸವೀತಾ ಇರುವಾಗ ಸುಮ್ನೆ ಕೂತಿದ್ದೆಯಾ? ಅಪ್ಪನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಲ್ಲೇ!" ಎಂದು ಕೂಗಾಡಿದೆ. ಕೂಗಾಡುತ್ತಲೇ ಅವಳನ್ನು ತಬ್ಬಿಕೊಂಡೆ. ಅವಳ ಹೆಗಲ ಮೇಲೆಲ್ಲ ನನ್ನ ಕೈಯ ಕ್ರೀಮು ಮೆತ್ತಿತು. ಅಂಗಡಿಯಲ್ಲಿ ಗಿರಾಕಿಯೊಬ್ಬ ಗಂಟೆ ಹೊಡೆಯುತ್ತಿದ್ದ. ಒಲೆಯಣ್ಣ ಹಾಳೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋಗಿ ಅವನ ಜೊತೆ ಮಾತಾಡಿದ, ಮನುಷ್ಯರ ಹಾಗೆ.

"ನಿನ್ನ ಕೈಚೀಲ ತಗೋ. ಆಸ್ಪತ್ರೆ ಹನ್ನೆರಡರವರೆಗೆ ತೆಗೆದಿರುತ್ತೆ" ಎಂದೆ.

"ಇವತ್ತೇನಾ?"

"ಇವತ್ತೇ. ನಾಳೆ ಅನ್ನೋದರಲ್ಲಿ ನಾನು ಒಂದೂವರೆ ತಿಂಗಳು ಕಳೆದಿದ್ದೀನಿ."

ಅಕ್ಕ ಸ್ಟೂಲು ಎಳೆದುಕೊಂಡು ಕೂತು ಕಣ್ಣೊರೆಸಿಕೊಂಡಳು. "ನನಗೂ ಸೂಜೀನೇ ಬರೆದುಕೊಟ್ರೆ? ನಿಜ ಹೇಳು, ನೋಯುತ್ತಾ?"

"ತಣ್ಣಗಿದ್ರೆ ನೋಯುತ್ತೆ. ಬೆಣ್ಣೆ ಜೊತೆ ಹೊರಗಿಟ್ರೆ ಅಷ್ಟೇನಿಲ್ಲ."

ಅವಳು ಸ್ಟೂಲಿನಿಂದ ಎದ್ದಳು. ಹಿಮ್ಮಡಿ ನೆಲಕ್ಕೆ ಊರಿದಾಗ "ಅಯ್ಯೋ ಅಮ್ಮಾ" ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಕೂಗಿದಳು. ಈ ಸಲ ಚಪ್ಪಲಿಯನ್ನು ಬೈಯಲಿಲ್ಲ.